ಮೂರಡಿ ದೂರದ ಪಾಠ

ಭದ್ರಾವತಿ ಅಂದ್ರೆ ಕಬ್ಬಿಣ, ಕಾಗದ, ಮತ್ತೆ ಜಿ.ಆರ್. ವಿಶ್ವನಾಥ್. ಇಲ್ಲಿ ಕೂತು ಗಾಲ್ಫ್ ಬಗ್ಗೆ ಬರೆದರೆ "ಏನ್ರಪ್ಪಾ, ಯಾವಾಗ ಶ್ರೀಮಂತರಾದ್ರಿ?" ಅಂತ ನೀವು ಕೇಳೋದು ಖಂಡಿತ. ನಮ್ಮ ಹತ್ರ ಇರೋದು ಗೆಳೆಯನ ಮಾವ ಕೊಟ್ಟ ಒಂದು ಹಳೇ ಪಟರ್, ಮೂರು ಚೆಂಡು, ಹಾಸ್ಟೆಲ್ ಕಾರಿಡಾರಿನಲ್ಲಿ ಹಾಸಿದ ಜಮಖಾನ. ಅಷ್ಟೇ.

ಗಾಲ್ಫ್‌ನಲ್ಲಿ ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಗೆದ್ದಂತೆ. ಸಾಮಾನ್ಯವಾಗಿ 18 ಗುಳಿಗೆ 72 ಹೊಡೆತದ ಲೆಕ್ಕ. ಅದರಲ್ಲಿ ಪ್ರತಿ ಗುಳಿಗೆ ಎರಡರಂತೆ 36 ಬರೀ ಪಟ್, ಅಂದರೆ ಚೆಂಡನ್ನು ನೆಲದ ಮೇಲೆ ಉರುಳಿಸಿ ಗುಳಿಗೆ ಸೇರಿಸೋದು. ಅರ್ಧಕ್ಕೆ ಅರ್ಧ! ಆದ್ರೂ ಹೊಸಬರು ಅಭ್ಯಾಸಕ್ಕೆ ಹೋದರೆ ದೊಡ್ಡ ಕೋಲು ಹಿಡಿದು ದೂರ ಬಾರಿಸ್ತಾರೆ. ಯಾಕಂದ್ರೆ ಅದು ಮಜಾ.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನ ನೋಡಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ದೂರ ಹೊಡೆಯೋದರಲ್ಲಿ ಅವರು ತುಂಬಾ ಹಿಂದೆ. ಆದರೆ ಪಟಿಂಗ್ ಬಲದಿಂದ ನಾಲ್ಕು ದಿನಕ್ಕೆ 269 ಹೊಡೆತ, ನಾಲ್ಕನೇ ಸ್ಥಾನ. ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ. ದೂರದ ಹೊಡೆತ ಬೇಡ ಅಂತ ನಾವು ಹೇಳ್ತಿಲ್ಲ. ವೃತ್ತಿಪರರ ನಡುವೆ ದೊಡ್ಡ ಅಂತರ ತರೋದು ಅದೇ ಅಂತ ಮಾರ್ಕ್ ಬ್ರಾಡಿಯವರ ಲೆಕ್ಕ ತೋರಿಸಿದೆ. ಆದರೆ ಅದಕ್ಕೆ ಮೈದಾನ ಬೇಕು, ದುಡ್ಡು ಬೇಕು. ಪಟ್‌ಗೆ ಕಾರಿಡಾರ್ ಸಾಕು.

ಗುಳಿಯ ವ್ಯಾಸ 108 ಮಿ.ಮೀ. ನಾವು ಸೀಮೆಸುಣ್ಣದಲ್ಲಿ ಅಷ್ಟೇ ವೃತ್ತ ಬರೆದ್ವಿ. ಮೂರಡಿಯಿಂದ ಹೊಡೆದರೆ ಆಚೀಚೆ ಸುಮಾರು 3.4 ಡಿಗ್ರಿ ತಪ್ಪಿದರೂ ನಡೆಯುತ್ತೆ. ಎಂಟಡಿಗೆ ಹೋದರೆ ಬರೀ 1.3 ಡಿಗ್ರಿ. ಆ ದೂರದಿಂದ ದೊಡ್ಡ ದೊಡ್ಡ ವೃತ್ತಿಪರರೇ ಸುಮಾರು ಅರ್ಧ ಸಲ ತಪ್ತಾರೆ. ಹಾಗಾಗಿ ಮೊದಲು ಮೂರಡಿ ಗಟ್ಟಿ ಮಾಡ್ಕೊಳ್ಳೋಣ ಅಂದ್ಕೊಂಡ್ವಿ.

ನಿಯಮ ಮೂರೇ. ಒಂದು, ಸತತ ಹತ್ತು ಹಾಕಬೇಕು, ಒಂದು ತಪ್ಪಿದ್ರೆ ಸೊನ್ನೆಯಿಂದ ಶುರು. ಎರಡು, ಹತ್ತು ಆದಮೇಲೆ ಪ್ರತಿ ಸಲ ದೂರ ಬದಲಿಸಬೇಕು, ಒಂದೇ ಜಾಗದಿಂದ ಎರಡು ಸಲ ಹೊಡೆಯೋ ಹಾಗಿಲ್ಲ. ಮೂರು, ತಪ್ಪಿದ್ದು ಎಡಕ್ಕೋ ಬಲಕ್ಕೋ ಅಂತ ನೋಟ್‌ಬುಕ್ಕಲ್ಲಿ ಬರೀಬೇಕು. ಮೊದಲ ಸಂಜೆ ಒಂದು ಗಂಟೆ ಹೊಡೆದರೂ ನಮ್ಮಲ್ಲಿ ಯಾರಿಗೂ ಹತ್ತು ಆಗಲಿಲ್ಲ. ಒಂಬತ್ತನೇ ಚೆಂಡಿಗೆ ಕೈ ನಡುಗುತ್ತೆ ಕಣ್ರೀ! ಪರೀಕ್ಷೆಯ ಕೊನೇ ಅರ್ಧ ಗಂಟೆ ನೆನಪಾಯ್ತು.

ಆಗ ಹೊಳೆದದ್ದೇ ಈ ಲೇಖನ. ಎಂ-3 ಬ್ಯಾಕ್‌ಲಾಗ್ ಉಳಿಸಿಕೊಂಡ ನಾವು ಓದೋದು ಹೇಗೆ? ಬರುವ ಲೆಕ್ಕವನ್ನೇ ಮತ್ತೆ ಮತ್ತೆ ಮಾಡ್ತೀವಿ, ಒಂದೇ ಮಾದರಿಯ ಹತ್ತು ಬಿಡಿಸಿ ಖುಷಿಪಡ್ತೀವಿ, ತಪ್ಪಿದ ಸ್ಟೆಪ್ ಯಾವುದು ಅಂತ ಬರೆದಿಡಲ್ಲ. ನಾವು ಅಭ್ಯಾಸ ಅಂತ ಕರೀತಿದ್ದದ್ದು ಬರೀ ಸಮಾಧಾನ ಅಷ್ಟೇ. ಗಂಟೆಗಟ್ಟಲೆ ಕೂತಿದ್ದು ಸುಳ್ಳಲ್ಲ, ಆದರೆ ಎಡವೋ ಜಾಗಕ್ಕೆ ಹೋಗಲೇ ಇಲ್ಲ.

ಈಗ ಆ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಗಣಿತದ ತಪ್ಪುಗಳ ಪಟ್ಟಿ ಇದೆ. ಪಾಸಾಗ್ತೀವೋ ಇಲ್ವೋ, ಫಲಿತಾಂಶ ಬಂದಾಗ ಹೇಳ್ತೀವಿ. ಅಲ್ಲೀವರೆಗೆ ಸಂಜೆ ಆರಕ್ಕೆ ಕಾರಿಡಾರಿಗೆ ಬನ್ನಿ. ಪಟರ್ ಒಂದೇ ಇದೆ, ಸರದಿ ಕಾಯಬೇಕು.