ಗಾಳದ ಜೊತೆಗೊಂದು ಲೆಕ್ಕದ ಪುಸ್ತಕ

ಹಾಸನದಿಂದ ಗೃಹಸ್ಥರೊಬ್ಬರು ಬರೆದಿದ್ದಾರೆ: "ನನ್ನ ಹನ್ನೆರಡು ವರ್ಷದ ಮಗನಿಗೆ ಈ ರಜೆಯಲ್ಲಿ ಗಾಳದ ಕೋಲು ಬೇಕಂತೆ. ಕೊಡಿಸುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ನಮ್ಮ ಮನೆಯವರು, 'ನಾವು ತಿನ್ನುವವರಲ್ಲ, ಮಾರುವವರಲ್ಲ. ಹಿಡಿದು ಬಿಡುವುದಾದರೆ ಹಿಡಿಯುವುದೇತಕ್ಕೆ?' ಎನ್ನುತ್ತಾರೆ. ಎಂಥ ಕೋಲು ಕೊಳ್ಳಬೇಕು, ಅವರಿಗೆ ಏನು ಉತ್ತರ ಹೇಳಬೇಕು, ಎರಡನ್ನೂ ತಿಳಿಸಿರಿ."

ಮೊದಲನೆಯ ಪ್ರಶ್ನೆ ಸುಲಭ. ಎರಡನೆಯದನ್ನು ನಮ್ಮ ಅತ್ತೆಯವರು ನಲವತ್ತು ವರ್ಷ ಕೇಳಿದರು. ನಮ್ಮ ಸೋದರಮಾವನವರು ನಲವತ್ತು ವರ್ಷವೂ ಉತ್ತರ ಕೊಡದೆ, ಭಾನುವಾರ ಬೆಳಗಾಗುತ್ತಲೆ ಸೈಕಲ್ಲನ್ನೇರಿ ಹೊರಟುಬಿಡುತ್ತಿದ್ದರು. ಆದುದರಿಂದ ಸುಲಭವಾದುದನ್ನು ಮೊದಲು ಮುಗಿಸೋಣ.

ಹುಡುಗನಿಗೆ ಅಂಗಡಿಯ ಗಾಜಿನ ಕಪಾಟಿನಲ್ಲಿ ಹೊಳೆಯುವ ರೀಲು ಸದ್ಯಕ್ಕೆ ಬೇಡ. ಎಂಟು ಹತ್ತು ಅಡಿಯ ತೆಳುವಾದ ಬಿದಿರು ಕೋಲು. ಹತ್ತು ಪೌಂಡು ಭಾರ ತಡೆಯುವ ನೈಲಾನ್ ದಾರ, ಕೋಲಿನಷ್ಟೇ ಉದ್ದ. ಒಂದು ಬೆಂಡು, ಎರಡು ಸೀಸದ ಗುಂಡು, ಒಂದು ಚಿಕ್ಕ ಗಾಳ, ಇಷ್ಟಾದರೆ ಸಾಕು. ಗಾಳಕ್ಕೆ ನಂಬರುಗಳಿರುತ್ತವೆ, ಸಣ್ಣ ಗಾಳಗಳಲ್ಲಿ ನಂಬರು ಹೆಚ್ಚಿದಷ್ಟೂ ಗಾಳ ಚಿಕ್ಕದೆಂದು ತಿಳಿಯಬೇಕು. ಕೆರೆಯ ಗೆಂಡೆ, ಜಿಲೇಬಿಗಳಿಗೆ 8 ಅಥವಾ 10ನೆಯ ನಂಬರು ಸರಿಯಾದುದು. ನವಿಲುಗರಿಯ ದಂಟಿಗಿಂತ ಒಳ್ಳೆಯ ಬೆಂಡನ್ನು ಯಾವ ಕಾರ್ಖಾನೆಯೂ ಇನ್ನೂ ಮಾಡಿಲ್ಲವೆಂಬುದು ನನ್ನ ನಂಬಿಕೆ. ಕಾಡಿನ ಅಂಚಿನ ಊರುಗಳಲ್ಲಿ ಉದುರಿದ ಗರಿ ತಾನಾಗಿ ಸಿಕ್ಕಿದರೆ ಸರಿ, ಇಲ್ಲವಾದರೆ ಬಾಟಲಿಯ ಬಿರಡೆಯನ್ನು ಕೆತ್ತಿದರೂ ನಡೆದೀತು. ಎರೆಹುಳುವನ್ನು ಚುಚ್ಚಲು ಮನಸ್ಸೊಪ್ಪದವರು ಚಪಾತಿಯ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಕಡಲೆ ಗಾತ್ರದ ಉಂಡೆ ಮಾಡಿಕೊಳ್ಳಬಹುದು. ಕಾವೇರಿಯ ಕೆಳದಂಡೆಯಲ್ಲಿ ದೊಡ್ಡ ಮೀನಿಗೆ ಹಾಕುತ್ತಿದ್ದುದೂ ರಾಗಿ ಹಿಟ್ಟನ್ನು ಬೇಯಿಸಿ ಕಟ್ಟಿದ, ನಿಂಬೆಹಣ್ಣಿನ ಗಾತ್ರದ ಉಂಡೆಯನ್ನೇ. ನಮ್ಮ ನಾಡಿನ ಮೀನಿಗೂ ಮುದ್ದೆಯೇ ರುಚಿ!

ಇನ್ನು ಒಂದು ಕೆಲಸವನ್ನು ತಂದೆಯೇ ಮಾಡಿಕೊಡಬೇಕು. ಗಾಳದ ತುದಿಯ ಹಿಂದೆ ಹಿಮ್ಮುಖವಾಗಿ ಚಾಚಿದ ಸಣ್ಣ ಮುಳ್ಳೊಂದಿರುತ್ತದೆ. ಅದನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ದಾರವನ್ನು ಸಡಿಲಬಿಟ್ಟರೆ ಮೀನು ತಪ್ಪಿಸಿಕೊಂಡೀತು, ನಿಜ. ಆದರೆ ಸಿಕ್ಕಿದ ಮೀನಿನ ಬಾಯಿಂದಲೂ, ಮಗನ ಬೆರಳಿನಿಂದಲೂ ಗಾಳ ಸಲೀಸಾಗಿ ಹೊರಬರುತ್ತದೆ. ಎರಡನೆಯ ಸಂದರ್ಭವೇ ಮೊದಲು ಬರುವುದೆಂದು ಅನುಭವದಿಂದ ಹೇಳುತ್ತೇನೆ.

ನಮ್ಮ ಸೋದರಮಾವನವರು ಮೈಸೂರಿನ ಕಚೇರಿಯೊಂದರಲ್ಲಿ ಲೆಕ್ಕದ ಗುಮಾಸ್ತರಾಗಿದ್ದರು. ಮನೆಯಲ್ಲಿ ಅತ್ತೆಯವರ ಎದುರು ಮೀನಿನ ಹೆಸರನ್ನು ಎತ್ತುವಂತಿರಲಿಲ್ಲ. ಆದುದರಿಂದ ಕೋಲು ಶ್ರೀರಂಗಪಟ್ಟಣದಲ್ಲಿ, ಗೆಳೆಯರ ಕೊಟ್ಟಿಗೆಯ ಸೂರಿನಲ್ಲಿ ಮಲಗಿರುತ್ತಿತ್ತು. ಹಿಡಿದ ಮೀನು ಮನೆಗೆ ಬರುವಂತಿಲ್ಲವಾದುದರಿಂದ ಅದು ನದಿಗೇ ಹೋಗುತ್ತಿತ್ತು. ಹಿಡಿದ ಮೀನನ್ನು ಬಿಡುವುದನ್ನು ಈಗ ದೊಡ್ಡ ತತ್ತ್ವವೆಂಬಂತೆ ಹೇಳುತ್ತಾರೆ. ಮಾವನವರು ಅದನ್ನು ಅತ್ತೆಯವರ ಹೆದರಿಕೆಯಿಂದ ಕಲಿತರು.

ಅವರ ಬಳಿ ಒಂದು ಕೊಕ್ಕೆ ತಕ್ಕಡಿ, ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದ್ದುವು. ದಿನಾಂಕ, ಸ್ಥಳ, ನೀರಿನ ಬಣ್ಣ, ಕುಳಿತ ಗಂಟೆ, ಹಾಕಿದ ಎರೆ, ಬಂದ ಮೀನು, ತೂಕ, ಹೀಗೆ ಗೆರೆ ಎಳೆದು ಕಲಮುಗಳು. ಏನೂ ಸಿಕ್ಕದ ದಿನವೂ ಕುಳಿತ ಗಂಟೆಗಳನ್ನು ಬರೆದು, ಮುಂದೆ 'ಇಲ್ಲ' ಎಂದು ತುಂಬುತ್ತಿದ್ದರು. ಮೀನು ಹಿಡಿಯುವವರ ಬಾಯಲ್ಲಿ ಮೀನು ಬೆಳೆಯುವುದು ಲೋಕಪ್ರಸಿದ್ಧವಷ್ಟೆ; ಮಾವನವರ ಪುಸ್ತಕದಲ್ಲಿ ಮಾತ್ರ ಅದು ತಕ್ಕಡಿ ತೋರಿಸಿದಷ್ಟೇ ಇರುತ್ತಿತ್ತು.

ನನಗೆ ಹದಿನಾಲ್ಕು ವರ್ಷವಾದಾಗ ಒಂದು ಭಾನುವಾರ ನನ್ನ ಕೋಲಿಗೆ ಗೆಂಡೆಯೊಂದು ಬಿದ್ದಿತು. ತೂಗಿದರೆ ಎರಡೂವರೆ ಕಿಲೋ. ಗೆಳೆಯರ ಮನೆಯ ಮಕ್ಕಳಿಗೆ ತೋರಿಸಬೇಕೆಂದು ಅದನ್ನು ಎರಡು ಕೈಗಳಲ್ಲಿ ಅಪ್ಪಿಕೊಂಡು ದಂಡೆಯುದ್ದಕ್ಕೂ ಓಡಿದೆ. ಎಲ್ಲರೂ ಮುಟ್ಟಿ ನೋಡಿದರು. ಹಿಂದಕ್ಕೆ ಬಂದು ನೀರಿಗೆ ಬಿಟ್ಟೆ. ಮೀನು ಒಮ್ಮೆ ಬಾಲವಾಡಿಸಿ, ಮಗ್ಗುಲಾಗಿ, ಬಿಳಿಯ ಹೊಟ್ಟೆಯನ್ನು ಮೇಲೆ ಮಾಡಿಕೊಂಡು ಸೆಳವಿನಲ್ಲಿ ತೇಲಿಹೋಯಿತು. ಮಾವನವರು ಬಯ್ಯಲಿಲ್ಲ. ಪುಸ್ತಕ ತೆಗೆದು ಬರೆದರು: "ಗೆಂಡೆ, 2½ ಕಿಲೋ. ಬಿಟ್ಟಿತು. ಬದುಕಲಿಲ್ಲ." ಕೊನೆಯ ಮಾತನ್ನು ಬರೆಯಬೇಡಿರೆಂದು ಬೇಡಿಕೊಂಡೆ. "ಖರ್ಚನ್ನು ಬರೆಯದಿದ್ದರೆ ಅದು ಲೆಕ್ಕವೇ ಅಲ್ಲ ಕಣೋ" ಎಂದರು.

ಆ ದಿನ ಏನು ತಪ್ಪಾಯಿತೆಂಬುದು ಈಗ ನನಗೆ ತಿಳಿದಿದೆ. ಮೀನಿನ ಮೈಮೇಲಿನ ಲೋಳೆಯೇ ಅದರ ರಕ್ಷಾಕವಚ. ಒಣಗಿದ ಕೈಯಲ್ಲಿ ಹಿಡಿದರೆ, ಮಣ್ಣಿನ ಮೇಲೆ ಹೊರಳಿಸಿದರೆ ಅದು ಕಿತ್ತುಹೋಗುತ್ತದೆ. ಕೈಯನ್ನು ಮೊದಲು ನೀರಿನಲ್ಲಿ ಒದ್ದೆ ಮಾಡಿಕೊಳ್ಳಬೇಕು. ಕಿವಿರುಗಳಲ್ಲಿ ಬೆರಳು ತೂರಿಸಬಾರದು. ಆದಷ್ಟೂ ಮೀನನ್ನು ನೀರಿನಲ್ಲಿಟ್ಟುಕೊಂಡೇ ಗಾಳ ಬಿಡಿಸಬೇಕು. ಎತ್ತಲೇಬೇಕಾದರೆ, ಎತ್ತಿದ ಕ್ಷಣದಿಂದ ನಿಮ್ಮ ಉಸಿರನ್ನೂ ಕಟ್ಟಿಕೊಳ್ಳಿರಿ. ನಿಮಗೆ ಉಸಿರು ಬೇಕೆನಿಸಿದಾಗ ಅದಕ್ಕೂ ಬೇಕಾಗಿದೆಯೆಂದು ತಿಳಿದು ಇಳಿಸಿರಿ. ಬಿಡುವಾಗ ಎಸೆಯಬಾರದು. ತಲೆಯನ್ನು ಪ್ರವಾಹಕ್ಕೆ ಎದುರಾಗಿ ಮಾಡಿ, ಹೊಟ್ಟೆಯ ಕೆಳಗೆ ಕೈಯಾನಿಸಿ, ಅದು ತಾನಾಗಿ ಈಜಿಕೊಂಡು ಹೋಗುವವರೆಗೆ ಕಾಯಬೇಕು. ಬಿಸಿಲೇರಿ ನೀರು ಕಾದ ದಿನಗಳಲ್ಲಿ ಮೀನು ಬೇಗನೆ ಬಳಲುತ್ತದಾದುದರಿಂದ ಬೆಳಗಿನ ಹೊತ್ತೇ ಲೇಸು.

ಇಷ್ಟು ಎಚ್ಚರ ವಹಿಸಿದರೂ ಆ ತಾಯಿಯವರ ಪ್ರಶ್ನೆ ಉಳಿದೇ ಉಳಿಯುತ್ತದೆ: ಬಿಡುವುದಾದರೆ ಹಿಡಿಯುವುದೇತಕ್ಕೆ? ಇದಕ್ಕೆ ಉತ್ತರ ಹೇಳಲು ಕಾವೇರಿಯ ದೊಡ್ಡ ಮೀನಿನ ಕಥೆಯನ್ನು ಹೇಳಬೇಕು.

ಶೃಂಗೇರಿಗೆ ಹೋದವರೆಲ್ಲ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮೀನುಗಳಿಗೆ ಮಂಡಕ್ಕಿ ಎಸೆದವರೇ. ದೊಡ್ಡ ಹುರುಪೆಗಳ, ದಪ್ಪ ತುಟಿಗಳ ಆ ದೇವರ ಮೀನುಗಳ ವಂಶಕ್ಕೆ ಗಾಳ ಹಾಕುವವರು ಮಹಶೀರ್ ಎನ್ನುತ್ತಾರೆ. ಅದೇ ವಂಶದ, ತಲೆಯ ಹಿಂದೆ ಗೂನಿರುವ, ಬಾಲಕ್ಕೆ ಕಿತ್ತಳೆಯ ಛಾಯೆಯಿರುವ ಒಂದು ಜಾತಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇದೆ. ದಂಡೆಯ ಜನ ಅದನ್ನು ಬಿಳಿ ಮೀನು ಎಂದರು. ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿರುವ ಹಲ್ಲುಗಳಿಂದ ಏಡಿ ಬಸವನಹುಳುಗಳನ್ನು ಅರೆದು ನುಂಗುತ್ತದೆ. ಗಾಳ ಕಚ್ಚಿದ ಮೇಲೆ ಅದು ಓಡುವ ಮೊದಲ ಓಟಕ್ಕೆ ದಾರ ಕಡಿದುದೂ ಗಾಳ ನೆಟ್ಟಗಾದುದೂ ಉಂಟು.

ಮೀನಿನ ಬೇಟೆಯ ಹುಚ್ಚು ಹಿಡಿದ ಇಂಗ್ಲಿಷ್ ಅಧಿಕಾರಿ ಎಚ್. ಎಸ್. ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ನಮ್ಮ ಮಂಗಳೂರಿನಲ್ಲಿಯೇ ಅಚ್ಚಾಯಿತು. ಮಹಶೀರಿನ ಕೀರ್ತಿ ಅದರಿಂದ ದೂರ ದೂರ ಹಬ್ಬಿತು. 1919ರಲ್ಲಿ ಕಾವೇರಿಯಲ್ಲಿ 119 ಪೌಂಡಿನ ಮೀನು ಸಿಕ್ಕಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನದನ್ನು ಹಿಡಿದರು. 120 ಪೌಂಡೆಂದರೆ ಸುಮಾರು 54 ಕಿಲೋ, ಆಳಿನ ತೂಕ! ಮುಂದೆ ಅಣೆಕಟ್ಟುಗಳು, ಬಲೆಗಳು, ಎಲ್ಲಕ್ಕಿಂತ ಮಿಗಿಲಾಗಿ ತೋಟೆ ಸಿಡಿಸುವ ಕಳ್ಳಬೇಟೆ, ಇವುಗಳಿಂದ ದೊಡ್ಡ ಮೀನು ಮುಗಿದೇ ಹೋಯಿತೆಂದು ಜನ ತಿಳಿದಿದ್ದರು. 1977-78ರಲ್ಲಿ ಇಂಗ್ಲೆಂಡಿನಿಂದ ಮೂವರು ಬಂದು, ಅದು ಇನ್ನೂ ಇದೆಯೆಂಬುದನ್ನು ತೋರಿಸಿಕೊಟ್ಟರು. ಆ ಬಳಿಕ ಶಿವನಸಮುದ್ರಕ್ಕೂ ಮೇಕೆದಾಟಿಗೂ ನಡುವೆ, ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಗಾಳದವರ ಬಿಡಾರಗಳು ಎದ್ದುವು. ಹಿಂದೆ ಕಳ್ಳತನದಿಂದ ಮೀನು ಹೊಡೆಯುತ್ತಿದ್ದ ಸ್ಥಳೀಯರೇ ಅಲ್ಲಿ ಮಾರ್ಗದರ್ಶಕರಾದರು, ಕಾವಲುಗಾರರಾದರು. ಹಿಡಿದ ಮೀನನ್ನು ತೂಗಿ, ಬರೆದು, ಬಿಡುವುದು ಅಲ್ಲಿಯ ನಿಯಮ.

ಆ ಬರೆದ ಪುಸ್ತಕಗಳನ್ನು ಸಂಶೋಧಕರು ಬಿಚ್ಚಿ ಓದಿದರು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ 23,620 ಗಂಟೆಗಳ ಕಾಲ ಗಾಳ ಹಾಕಿ 6,161 ಮಹಶೀರುಗಳನ್ನು ಹಿಡಿದು ಬಿಟ್ಟುದರ ಲೆಕ್ಕ ಅಲ್ಲಿತ್ತು. ಮೇಲುನೋಟಕ್ಕೆ ಸಂತೋಷದ ಸುದ್ದಿ: ಗಂಟೆಗೆ ಸಿಕ್ಕುವ ಮೀನು ವರ್ಷದಿಂದ ವರ್ಷಕ್ಕೆ ಹೆಚ್ಚಿತ್ತು. ಆದರೆ ಮೀನುಗಳನ್ನು ಜಾತಿಯಾಗಿ ಬಿಡಿಸಿ ನೋಡಿದಾಗ ಎದೆ ಧಸಕ್ಕೆಂದಿತು. ಹೆಚ್ಚಿದುದು ನೀಲಿ ರೆಕ್ಕೆಯ ಮಹಶೀರು. ಅದು ಕೃಷ್ಣಾ ಕಣಿವೆಯ ಕಡೆಯದು. ನದಿಗೆ ಉಪಕಾರವಾಗಲೆಂದು ಲೋಣಾವಳದ ಸಾಕಣೆ ಕೇಂದ್ರದ ಮರಿಗಳನ್ನು ಕಾವೇರಿಗೆ ತಂದು ಬಿಟ್ಟಿದ್ದರು. ಕಾವೇರಿಯ ಸ್ವಂತ ಗೂನು ಮೀನು ಅಪರೂಪವಾಗುತ್ತ ಬಂದಿತ್ತು. ಸಿಕ್ಕಿದವೂ ಮುದಿ ಮೀನುಗಳೇ, ಮರಿಗಳು ಕಾಣುತ್ತಿರಲಿಲ್ಲ. ಮನೆಯಲ್ಲಿ ಅಜ್ಜಂದಿರು ಮಾತ್ರ ಉಳಿದು ತೊಟ್ಟಿಲು ತೂಗದಿದ್ದರೆ ಆ ವಂಶದ ಗತಿಯೇನೆಂದು ಬಿಡಿಸಿ ಹೇಳಬೇಕಿಲ್ಲವಷ್ಟೆ. ಲೋಕಪ್ರಸಿದ್ಧವಾದ ಈ ಮೀನಿಗೆ ಅಲ್ಲಿಯವರೆಗೆ ಶಾಸ್ತ್ರಸಮ್ಮತವಾದ ಹೆಸರು ಕೂಡ ಗೊತ್ತುಪಡಿಸಿರಲಿಲ್ಲ. ಅದು ಟಾರ್ ರೆಮಾದೇವಿ ಎಂಬ ಜಾತಿಯೆಂದು 2018ರಲ್ಲಿ ಖಚಿತವಾಯಿತು. ಅದೇ ವರ್ಷ ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯ ಅತ್ಯಂತ ಅಪಾಯದ ವರ್ಗಕ್ಕೂ ಸೇರಿತು.

ನೀರಿನೊಳಗಿನ ಈ ಸಾವನ್ನು ಹೊರಗೆ ನಿಂತವರು ಯಾರೂ ಕಾಣುವಂತಿರಲಿಲ್ಲ. ಕಾಣಿಸಿದುದು ಗಾಳದವರ ಪುಸ್ತಕ. ಅದರಲ್ಲಿಯೂ ಏನೂ ಸಿಕ್ಕದ ಗಂಟೆಗಳನ್ನು ಬಿಡದೆ ಬರೆದುದರಿಂದಲೇ ಸಿಕ್ಕಿದುದಕ್ಕೆ ಅರ್ಥ ಬಂದಿತು.

ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ರೆ ಬರಲಿಲ್ಲ. ಮಾವನವರು ತೀರಿಕೊಂಡಾಗ ಅವರ ಪೆಟ್ಟಿಗೆಯಲ್ಲಿ ಹನ್ನೊಂದು ಲೆಕ್ಕದ ಪುಸ್ತಕಗಳಿದ್ದುವು. ಶ್ರೀರಂಗಪಟ್ಟಣದ ಕಾವೇರಿಯ ನಲವತ್ತು ವರ್ಷದ ಭಾನುವಾರಗಳು! ಮನೆಯನ್ನು ತೆರವು ಮಾಡುವ ಗಡಿಬಿಡಿಯಲ್ಲಿ ಹತ್ತನ್ನು ಹಳೆಯ ಕಾಗದದವನ ತಕ್ಕಡಿಗೆ ಹಾಕಿದವನು ನಾನೇ. ನನ್ನ ಗೆಂಡೆಯ ಲೆಕ್ಕವಿದ್ದ ಒಂದನ್ನು ಮಾತ್ರ ಉಳಿಸಿಕೊಂಡೆ. ಎಂಥ ಮೀನು ಯಾವ ವರ್ಷದಿಂದ ಅಲ್ಲಿ ಕಾಣದಾಯಿತೆಂಬುದು ಆ ಹತ್ತರಲ್ಲಿ ಇದ್ದಿರಬಹುದು. ಈಗ ಕೇಳೋಣವೆಂದರೆ ಯಾರನ್ನು ಕೇಳುವುದು?

ಆದುದರಿಂದ ಹಾಸನದ ತಾಯಿಯವರಿಗೆ ನನ್ನ ಉತ್ತರವಿಷ್ಟೆ: ಗಾಳ ಚುಚ್ಚುವುದು ನಿಜ, ಮೀನಿಗೆ ಸಂಕಟವಾಗುವುದೂ ನಿಜ, ನೋವಾಗುವುದಿಲ್ಲವೆಂದು ನಾನು ಸುಳ್ಳು ಹೇಳಲಾರೆ. ನಿಮ್ಮ ಮನಸ್ಸು ಒಪ್ಪದಿದ್ದರೆ ಹುಡುಗನನ್ನು ಕೋಲಿಲ್ಲದೆಯೇ ದಂಡೆಯಲ್ಲಿ ಕೂರಿಸಿರಿ, ಅದೂ ಒಳ್ಳೆಯದೇ. ಆದರೆ ನದಿಯನ್ನು ಗಂಟೆಗಟ್ಟಲೆ ಸುಮ್ಮನೆ ನೋಡುವವರು ನಮ್ಮಲ್ಲಿ ಕಡಮೆ. ಗಾಳದ ನೆವದಿಂದಲಾದರೂ ನೋಡಲು ಕಲಿತವನು, ನೋಡಿದುದನ್ನು ಇದ್ದಂತೆ ಬರೆದಿಟ್ಟವನು, ಆ ನೀರಿನ ಋಣವನ್ನು ಸ್ವಲ್ಪವಾದರೂ ತೀರಿಸಿಯಾನು.

ಒಂದೆರಡು ಎಚ್ಚರಿಕೆಗಳು ಉಳಿದಿವೆ. ಕೆರೆಯ ಮೀನಿನ ಹಕ್ಕನ್ನು ಬಹುಮಟ್ಟಿಗೆ ಗುತ್ತಿಗೆಗೆ ಕೊಟ್ಟಿರುತ್ತಾರೆ. ಗುತ್ತಿಗೆದಾರರನ್ನು ಕೇಳಿಯೇ ಕೋಲು ಬಿಚ್ಚಬೇಕು. ನದಿಯಾದರೆ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು. ಅಭಯಾರಣ್ಯದೊಳಗೆ ಗಾಳ ಹಾಕುವಂತಿಲ್ಲ; ಭೀಮೇಶ್ವರಿ, ಗಾಳಿಬೋರೆಗಳಲ್ಲಿಯೂ 2012ರ ವೇಳೆಗೆ ಅದು ನಿಂತುಹೋಯಿತು. ಗಾಳದವರು ಹೋದರೆ ಕಾವಲೂ ಹೋಗಿ ತೋಟೆಯವರು ಬರುತ್ತಾರೆಂದು ಕೆಲವರು, ಅಭಯಾರಣ್ಯವೆಂದ ಮೇಲೆ ಎಲ್ಲ ಜೀವಕ್ಕೂ ಅಭಯವಿರಬೇಕೆಂದು ಕೆಲವರು ವಾದಿಸುತ್ತಾರೆ. ವಾದ ಏನೇ ಇರಲಿ, ಕಾನೂನನ್ನು ಮೀರಬಾರದು. ಅಣೆಕಟ್ಟಿನ ಕೆಳಗಿನ ಬಂಡೆಗಳ ಮೇಲೆ ಮಕ್ಕಳನ್ನು ಕೂರಿಸಲೇಬಾರದು. ನೀರು ಹೇಳದೆ ಏರುತ್ತದೆ. ಕಡಿದ ನೈಲಾನ್ ದಾರವನ್ನು ದಂಡೆಯಲ್ಲಿ ಬಿಡಬಾರದು. ಹಕ್ಕಿಗಳ ಕಾಲಿಗೆ ಅದು ಉರುಳು. ಒಂದು ಕೆರೆಯ ಮೀನನ್ನು ಪ್ರೀತಿಯಿಂದಲೇ ಆದರೂ ಇನ್ನೊಂದು ನೀರಿಗೆ ಬಿಡಬಾರದು. ಕಾವೇರಿಯ ಕಥೆಯನ್ನು ಈಗ ತಾನೇ ಕೇಳಿದಿರಿ.

ಕೋಲು ಕೊಳ್ಳಲು ಹೋದಾಗ ಪಕ್ಕದ ಅಂಗಡಿಯಲ್ಲಿ ಗಟ್ಟಿ ರಟ್ಟಿನ ಒಂದು ಪುಸ್ತಕವನ್ನೂ ಕೊಳ್ಳಿರಿ. ಗೆರೆಗಳನ್ನು ಹುಡುಗನೇ ಎಳೆದುಕೊಳ್ಳಲಿ. ಮೊದಲ ಕೆಲವು ಪುಟಗಳಲ್ಲಿ 'ಇಲ್ಲ', 'ಇಲ್ಲ' ಎಂದೇ ತುಂಬಿದರೆ ಅವನನ್ನು ಹಾಸ್ಯ ಮಾಡಬೇಡಿರಿ. ಪುಸ್ತಕ ತುಂಬಿದ ಮೇಲೆ ದಯವಿಟ್ಟು ಅದನ್ನು ಹಳೆಯ ಕಾಗದದವನಿಗೆ ಹಾಕಬೇಡಿರಿ.