ಹಾಕಿ ನೋಡಲು ಬಿಡದ ಅಂಗಡಿ ಹಣ ವಾಪಸ್ ಕೊಡಲೇಬೇಕು

‘ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.’ ನಮ್ಮ ಊರುಗಳ ಬಟ್ಟೆ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ಈ ಬೋರ್ಡು ಕಾಣುವುದು ಮಾಮೂಲು. ಬಿಲ್ಲಿನ ಕೆಳತುದಿಯಲ್ಲೂ ಇದೇ ಸಾಲು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ದಿನವೂ ಕಂಡು ಕಂಡು ಗಿರಾಕಿಗಳು ಇದನ್ನೇ ಕಾನೂನು ಎಂದು ನಂಬಿಬಿಟ್ಟಿದ್ದಾರೆ. ಮನೆಗೆ ತಂದ ಅಂಗಿ ಎದೆಗೆ ಬಿಗಿಯಾದರೆ, ಚೂಡಿದಾರದ ತೋಳು ಏರದಿದ್ದರೆ, ನಮ್ಮ ಹಣೆಬರಹ ಎಂದುಕೊಂಡು ಬೀರುವಿಗೆ ಸೇರಿಸುತ್ತಾರೆ. ಆದರೆ ಈ ಬೋರ್ಡಿಗೆ ಕಾನೂನಿನ ಬೆಂಬಲವಿಲ್ಲ. ಅದನ್ನು ಗೋಡೆಯಿಂದ ಇಳಿಸುವುದು ಸರ್ಕಾರದ ಕರ್ತವ್ಯ.

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಈ ವಿಷಯದಲ್ಲಿ ಸ್ಪಷ್ಟವಾಗಿದೆ. ದೋಷವಿರುವ ಮಾಲನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದನ್ನು ಅದು ‘ಅನುಚಿತ ವ್ಯಾಪಾರ ಪದ್ಧತಿ’ ಎಂದು ಕರೆಯುತ್ತದೆ. ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಅದರೊಳಗೆ, ಬರೆಯದಿದ್ದರೆ 30 ದಿನಗಳೊಳಗೆ ಹಣ ಕೊಡಬೇಕು. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಇಂಥ ಬೋರ್ಡುಗಳು ಸರಿಯಲ್ಲ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 1999ರಲ್ಲೇ ರಾಜ್ಯಗಳಿಗೆ ತಿಳಿಸಿತ್ತು. ನೆರೆಯ ಕೇರಳದಲ್ಲಿ ಎರ್ನಾಕುಳಂ ಜಿಲ್ಲಾ ಗ್ರಾಹಕ ಆಯೋಗವೂ ಇದು ಕಾನೂನುಬಾಹಿರ ಎಂದು ಹೇಳಿದೆ. ಕಾಲು ಶತಮಾನ ಕಳೆದರೂ ಬೋರ್ಡು ಅಲ್ಲಾಡಿಲ್ಲವೆಂದರೆ, ಅದನ್ನು ಇಳಿಸುವ ಅಧಿಕಾರವಿದ್ದವರು ಆ ಕೆಲಸ ಮಾಡಿಲ್ಲವೆಂದೇ ಅರ್ಥ.

ಅಳತೆ ಸರಿಹೋಗದ ಬಟ್ಟೆ ದೋಷಪೂರಿತವೇ? ವ್ಯಾಪಾರಿಗಳ ವಾದವೆಲ್ಲ ನಿಂತಿರುವುದು ಈ ಪ್ರಶ್ನೆಯ ಮೇಲೆ. ‘ಬಟ್ಟೆ ಹರಿದಿಲ್ಲ, ಬಣ್ಣ ಬಿಟ್ಟಿಲ್ಲ, ನಿಮ್ಮ ಮೈಗೆ ಆಗದಿದ್ದರೆ ನಾವೇನು ಮಾಡೋಣ?’ ಎನ್ನುತ್ತಾರೆ. ಇಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು.

ಮೊದಲನೆಯದು, ಲೇಬಲ್ಲೇ ಸುಳ್ಳಾಗಿರುವುದು. ಬಿಡಿಯಾಗಿ ಮಾರುವ ಸಿದ್ಧ ಉಡುಪಿನ ಮೇಲೂ ಎಸ್, ಎಂ, ಎಲ್ ಗುರುತಿನ ಜೊತೆಗೆ ಸೆಂಟಿಮೀಟರ್ ಲೆಕ್ಕದ ಅಳತೆ ಇರಬೇಕು ಎನ್ನುತ್ತವೆ ಕಾನೂನು ಮಾಪನ ನಿಯಮಗಳು. ಗ್ರಾಹಕ ಕಾಯ್ದೆಯ ಪ್ರಕಾರ, ಮಾರುವವನು ಹೇಳಿಕೊಂಡ ಗುಣಮಟ್ಟಕ್ಕೆ ಮಾಲು ಕಡಿಮೆ ಬಿದ್ದರೆ ಅದೂ ದೋಷವೇ. ಹಾಗಿದ್ದ ಮೇಲೆ 40 ಎಂದು ಬರೆದ ಅಂಗಿ ಟೇಪು ಹಿಡಿದಾಗ 38ರ ಅಳತೆ ತೋರಿಸಿದರೆ ಅದು ಗಿರಾಕಿಯ ಮೈಯ ತಪ್ಪಲ್ಲ, ಮಾಲಿನ ದೋಷ. ಅಲ್ಲಿ ಹಣ ವಾಪಸ್ ಕೇಳುವುದು ಹಕ್ಕು.

ಎರಡನೆಯದು, ಲೇಬಲ್ ಸರಿಯಿದ್ದೂ ಬಟ್ಟೆ ಮೈಗೆ ಹೊಂದದಿರುವುದು. ಇಲ್ಲಿ ನಮ್ಮ ಕಾಯ್ದೆ ಮೌನವಾಗಿದೆ. ಅಂಗಡಿಯಲ್ಲಿ ಹಾಕಿ ನೋಡಿ, ಕನ್ನಡಿ ಮುಂದೆ ನಿಂತು ಒಪ್ಪಿ ತಂದ ಮೇಲೆ ಮನಸ್ಸು ಬದಲಾದರೆ ಆ ಹೊಣೆ ಗಿರಾಕಿಯದೇ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಹಾಕಿ ನೋಡಲು ಅವಕಾಶವನ್ನೇ ಕೊಡದ ಅಂಗಡಿ ಆ ಹೊಣೆಯನ್ನು ಗಿರಾಕಿಯ ತಲೆಗೆ ಕಟ್ಟುವುದು ಯಾವ ನ್ಯಾಯ? ‘ಟ್ರಯಲ್ ಇಲ್ಲ, ರಿಟರ್ನ್ ಇಲ್ಲ’ ಎಂಬ ಎರಡು ನಿಯಮಗಳು ಒಂದೇ ಅಂಗಡಿಯಲ್ಲಿ ಒಟ್ಟಿಗೆ ಇರಕೂಡದು. ಟ್ರಯಲ್ ಕೊಡಿ, ಇಲ್ಲವೇ ಹಣ ವಾಪಸ್ ಕೊಡಿ. ನನ್ನ ವಾದದ ತಿರುಳು ಇಷ್ಟೇ.

ಈ ಅನ್ಯಾಯದ ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳುವುದಿಲ್ಲ. ಮಕ್ಕಳ ಬಟ್ಟೆಯನ್ನು ವಯಸ್ಸು ಹೇಳಿ ತರುವುದು ನಮ್ಮಲ್ಲಿ ರೂಢಿ. ಎಂಟು ವರ್ಷದ ಇಬ್ಬರು ಮಕ್ಕಳು ಒಂದೇ ಅಳತೆಯಲ್ಲಿರುವುದಿಲ್ಲ. ಜೂನ್ ತಿಂಗಳಲ್ಲಿ ಶಾಲೆ ಸೂಚಿಸಿದ ಅಂಗಡಿಯಲ್ಲೇ ಯೂನಿಫಾರ್ಮ್ ಕೊಳ್ಳಬೇಕಾದ ತಂದೆತಾಯಿಗಳಿಗೆ ಬೇರೆ ಅಂಗಡಿಗೆ ಹೋಗುವ ದಾರಿಯೂ ಇಲ್ಲ. ಸಣ್ಣ ಊರುಗಳ ಅಂಗಡಿಗಳಲ್ಲಿ ಹೆಣ್ಣುಮಕ್ಕಳು ನೆಮ್ಮದಿಯಿಂದ ಬಟ್ಟೆ ಬದಲಿಸುವಂಥ ಜಾಗ ಸಿಗುವುದೇ ಅಪರೂಪ. ಒಂದು ಪರದೆ ಎಳೆದ ಮೂಲೆಯನ್ನು ಟ್ರಯಲ್ ರೂಮು ಎಂದು ತೋರಿಸಿದರೆ ಯಾರು ಧೈರ್ಯ ಮಾಡುತ್ತಾರೆ? ಹಾಗಾಗಿ ಅಂದಾಜಿನ ಮೇಲೆ ತರುತ್ತಾರೆ. ಆ ಅಂದಾಜಿಗೂ ಆಧಾರವಿಲ್ಲ. ನಮ್ಮ ಸಿದ್ಧ ಉಡುಪುಗಳು ಬಹುಮಟ್ಟಿಗೆ ಅಮೆರಿಕ, ಬ್ರಿಟನ್ನಿನ ಅಳತೆಗಳನ್ನು ಆಧರಿಸಿವೆ. ಭಾರತೀಯರ ಮೈಕಟ್ಟಿಗೆ ಹೊಂದುವ ಅಳತೆಪಟ್ಟಿ ಬೇಕೆಂದೇ ಕೇಂದ್ರ ಸರ್ಕಾರದ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯಾದ ನಿಫ್ಟ್ ‘ಇಂಡಿಯಾಸೈಜ್’ ಯೋಜನೆಯಡಿ ಆರು ನಗರಗಳ 25,000ಕ್ಕೂ ಹೆಚ್ಚು ಜನರ ಅಳತೆಯನ್ನು 3ಡಿ ಸ್ಕ್ಯಾನರ್‌ನಿಂದ ಪಡೆಯಲು ಹೊರಟಿತು. ಅಳತೆಯ ಗೊಂದಲವನ್ನು ಸರ್ಕಾರವೇ ಒಪ್ಪಿಕೊಂಡಿರುವಾಗ ಅದರ ನಷ್ಟವನ್ನು ಗಿರಾಕಿಯೊಬ್ಬರೇ ಏಕೆ ಹೊರಬೇಕು?

ವ್ಯಾಪಾರಿಗಳ ಆತಂಕಗಳನ್ನು ನಾನು ತಳ್ಳಿಹಾಕುವುದಿಲ್ಲ. ಮದುವೆಗೆ ಉಟ್ಟು ಮರುದಿನ ವಾಪಸ್ ತರುವವರೂ ಇದ್ದಾರೆ. ಅದಕ್ಕೆ ದಾರಿ ಸುಲಭ: ಟ್ಯಾಗು ಕಿತ್ತಿರಬಾರದು, ಒಗೆದಿರಬಾರದು, ಬಿಲ್ಲು ಇರಬೇಕು, ಏಳು ದಿನ ಮೀರಿರಬಾರದು. ಕತ್ತರಿಸಿ ಕೊಟ್ಟ ಬ್ಲೌಸ್ ಪೀಸ್, ಅಳತೆ ಕೊಟ್ಟು ಹೊಲಿಸಿದ ಬಟ್ಟೆ, ಒಳ ಉಡುಪುಗಳನ್ನು ಇದರಿಂದ ಹೊರಗಿಡಬಹುದು. ಕೆಲವರ ಮೋಸಕ್ಕೆ ಪ್ರಾಮಾಣಿಕರೆಲ್ಲರೂ ದಂಡ ತೆರಬೇಕೆನ್ನುವುದು ಒಪ್ಪುವ ಮಾತಲ್ಲ.

‘ಜಿಎಸ್‌ಟಿ ಕಟ್ಟಿಬಿಟ್ಟಿದ್ದೇವೆ, ಏನೂ ಮಾಡಕ್ಕಾಗಲ್ಲ’ ಎಂಬ ಇನ್ನೊಂದು ಸಬೂಬು ಚಾಲ್ತಿಯಲ್ಲಿದೆ. ಇದು ಸರಿಯಲ್ಲ. ಮಾಲು ವಾಪಸ್ ಬಂದಾಗ ಕ್ರೆಡಿಟ್ ನೋಟ್ ಬರೆದು ತೆರಿಗೆ ಸರಿಹೊಂದಿಸಿಕೊಳ್ಳಲು ಕೇಂದ್ರ ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಅವಕಾಶ ಕೊಟ್ಟಿದೆ.

ಇನ್ನು ಹಣದ ಬದಲು ಕ್ರೆಡಿಟ್ ಚೀಟಿ ಕೊಟ್ಟು ಸಾಗಹಾಕುವ ಪದ್ಧತಿ. ಬೇರೆ ಬಟ್ಟೆ ಹಿಡಿಸದಿದ್ದರೂ ಅಲ್ಲೇ ಏನಾದರೊಂದು ಕೊಳ್ಳಬೇಕು, ಅದೂ ಚೀಟಿಯ ಅವಧಿ ಮುಗಿಯುವುದರೊಳಗೆ. ಗಿರಾಕಿ ತಾನಾಗಿ ಒಪ್ಪಿದರೆ ಎಕ್ಸ್‌ಚೇಂಜ್ ಒಳ್ಳೆಯದೇ. ಆದರೆ ದೋಷವಿರುವ ಮಾಲಿಗೆ ಕಾಯ್ದೆ ಹೇಳುವುದು ಕೊಟ್ಟ ಹಣವನ್ನು ಮರಳಿಸಬೇಕೆಂದು. ಚೀಟಿ ಹಣವಲ್ಲ.

ಯುರೋಪಿನ ಒಕ್ಕೂಟದಲ್ಲಿ ಆನ್‌ಲೈನ್‌ನಲ್ಲಿ ಕೊಂಡ ಬಟ್ಟೆಯನ್ನು 14 ದಿನಗಳೊಳಗೆ ಕಾರಣ ಹೇಳದೆ ಹಿಂತಿರುಗಿಸುವ ಹಕ್ಕಿದೆ. ಮುಟ್ಟಿ, ತೊಟ್ಟು ನೋಡದೆ ಕೊಂಡವರಿಗೆ ಯೋಚಿಸುವ ಅವಕಾಶ ಬೇಕೆಂಬುದೇ ಅದರ ಹಿಂದಿನ ತತ್ವ. ಟ್ರಯಲ್ ಇಲ್ಲದ ಅಂಗಡಿಯಲ್ಲಿ ಕೊಂಡವರ ಸ್ಥಿತಿಯೂ ಅದೇ. ನಮ್ಮಲ್ಲೂ ಆನ್‌ಲೈನ್ ಕಂಪನಿಗಳು ಮನೆ ಬಾಗಿಲಿಗೇ ಬಂದು ಬಟ್ಟೆ ವಾಪಸ್ ಪಡೆಯುತ್ತಿವೆ. ಊರಿನ ಅಂಗಡಿಗಳು ಉಳಿಯಬೇಕೆಂದು ಬಯಸುವವನು ನಾನು. ಗಿರಾಕಿಯನ್ನು ನಂಬದ ಅಂಗಡಿಗೆ ಗಿರಾಕಿ ಮರಳುವುದಿಲ್ಲ ಎಂಬ ಕಾರಣಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ರಾಜ್ಯದ ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕ ವ್ಯವಹಾರಗಳ ಇಲಾಖೆ ಮೂರು ಕೆಲಸ ಮಾಡಲಿ. ಈ ಬೋರ್ಡುಗಳನ್ನು ತೆಗೆಸಲಿ. ವಾಪಸಾತಿಯ ಷರತ್ತನ್ನು ಹಣ ಕಟ್ಟುವ ಮುಂಚೆಯೇ ಕಾಣುವಂತೆ ಕನ್ನಡದಲ್ಲಿ ಬರೆಸಲಿ. ಹಾಕಿ ನೋಡಲು ಅವಕಾಶವಿಲ್ಲದ ಅಂಗಡಿಗಳಿಗೆ ಏಳು ದಿನಗಳ ವಾಪಸಾತಿಯನ್ನು ಕಡ್ಡಾಯ ಮಾಡುವ ನಿಯಮವನ್ನು ಕೇಂದ್ರದ ಮುಂದಿಟ್ಟು ಒತ್ತಾಯಿಸಲಿ. ಲೇಬಲ್ಲಿನ ಅಳತೆಯನ್ನು ಪರೀಕ್ಷಿಸುವ ಹೊಣೆಯನ್ನು ಕಾನೂನು ಮಾಪನಶಾಸ್ತ್ರ ಇಲಾಖೆ ಹೊತ್ತುಕೊಳ್ಳಲಿ.

ಗಿರಾಕಿಗಳು ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಬಿಲ್ಲು ಕೇಳಿ ಪಡೆಯಿರಿ, ಟ್ಯಾಗು ಕೀಳಬೇಡಿ. ಅಂಗಡಿಯವರು ಮಣಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ದೂರು ಹೇಳಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಎಂಟುನೂರು ರೂಪಾಯಿಯ ಅಂಗಿಗೆ ಇಷ್ಟೆಲ್ಲ ಏಕೆ ಎಂದು ಸುಮ್ಮನಾಗುವವರನ್ನು ನಂಬಿಕೊಂಡೇ ಆ ಬೋರ್ಡು ಗೋಡೆಯ ಮೇಲಿದೆ. ಊರಿಗೆ ಹತ್ತು ಜನ ದೂರು ಕೊಟ್ಟರೂ ಸಾಕು, ವ್ಯಾಪಾರಿಗಳೇ ಅದನ್ನು ಕೆಳಗಿಳಿಸುತ್ತಾರೆ.