ನೀರು ನಮ್ಮದು, ನೀರಿನ ರಿಪೋರ್ಟು ಯಾರದು?

ಕನ್ನಡದ ಹುಡುಗರೇ,

ನನ್ನ ಅಚ್ಚುಕೂಟದಲ್ಲಿ ಬೈಂಡಿಂಗ್ ಮಾಡುವ ಒಬ್ಬ ಕೆಲಸಗಾರನಿದ್ದಾನೆ. ಹತ್ತನೇ ಕ್ಲಾಸಿಗೆ ಓದು ಬಿಟ್ಟವನು. ಕನ್ನಡದ ಪ್ರೂಫಿನಲ್ಲಿ ನನಗೆ ಕಾಣದ ತಪ್ಪು ಅವನಿಗೆ ಕಾಣುತ್ತದೆ. ಒಮ್ಮೆ ಮಳೆಗಾಲದಲ್ಲಿ ನಮ್ಮ ಬೀದಿ ಕೊನೆಯ ಬೋರ್‌ವೆಲ್ ನೀರು ವಾಸನೆ ಬಂತು. ಬೀದಿಯವರೆಲ್ಲ ದುಡ್ಡು ಹಾಕಿ ಲ್ಯಾಬಿಗೆ ನೀರು ಕೊಟ್ಟೆವು. ರಿಪೋರ್ಟು ಬಂದ ದಿನ ನಾನು ಶಿವಕಾಶಿಯಲ್ಲಿದ್ದೆ. ಎರಡು ಪುಟ, ಪೂರಾ ಇಂಗ್ಲಿಷು. ಇವನು ಅಕ್ಷರ ಕೂಡಿಸಿ ಕೂಡಿಸಿ ಓದಿದ. 'ಈ. ಕೋಲಿ' ಅನ್ನುವುದರ ಎದುರಿಗೆ 'ಪ್ರೆಸೆಂಟ್' ಅಂತಿತ್ತು.

ಶಾಲೆಯಲ್ಲಿ ಮೇಷ್ಟ್ರು ಹೆಸರು ಕೂಗಿದಾಗ 'ಪ್ರೆಸೆಂಟ್ ಸಾರ್' ಅಂದರೆ ಒಳ್ಳೆಯದಲ್ಲವೇ? ಎಲ್ಲಾ ಸರಿ ಇದೆ ಅಂತ ಅವನು ಬೀದಿಗೆಲ್ಲ ಹೇಳಿದ. ನಾನು ವಾಪಸ್ಸು ಬರುವ ತನಕ ನಾಲ್ಕು ದಿನ ಎಲ್ಲರೂ ಅದೇ ನೀರು ಕುಡಿದರು. ಅವನ ಮಗಳೂ ಕುಡಿದಳು.

ಈ. ಕೋಲಿ ಅಂದರೆ ಏನು ಗೊತ್ತೇ? ಮನುಷ್ಯರ, ಪ್ರಾಣಿಗಳ ಕರುಳಿನಲ್ಲಿ ಬದುಕುವ ಬ್ಯಾಕ್ಟೀರಿಯಾ. ಅದು ನೀರಿನಲ್ಲಿ ಸಿಕ್ಕಿತು ಅಂದರೆ ನೀರಿಗೆ ಮಲ ಸೇರಿದೆ ಅಂತ ಅರ್ಥ. ದೇಶದ ಕುಡಿಯುವ ನೀರಿನ ಮಾನದಂಡ, ಐಎಸ್ ೧೦೫೦೦, ೨೦೧೨ರಲ್ಲಿ ಪರಿಷ್ಕಾರವಾದದ್ದು, ಖಡಾಖಂಡಿತ ಹೇಳುತ್ತದೆ: ೧೦೦ ಮಿಲಿಲೀಟರ್ ನೀರಿನಲ್ಲಿ ಅದು ಒಂದೂ ಇರಕೂಡದು. ಹಾಗಾದರೆ ಆ ರಿಪೋರ್ಟಿನಲ್ಲಿ ಏನು ಬರೆಯಬೇಕಿತ್ತು? 'ಈ ನೀರಿನಲ್ಲಿ ಮಲ ಬೆರೆತಿದೆ, ಕುಡಿಯಬೇಡಿ.' ಒಂದೇ ಸಾಲು. ಈ ಸಾಲು ಬರೆಯಲು ಕನ್ನಡಕ್ಕೆ ತಾಕತ್ತಿಲ್ಲವೇ? ಅಥವಾ ಬರೆಯುವವರಿಗೆ ಮನಸ್ಸಿಲ್ಲವೇ?

ಕಾವೇರಿಗಾಗಿ ೨೦೧೬ರಲ್ಲಿ ಬಂದ್ ಮಾಡಿದೆವು. ೨೦೨೩ರಲ್ಲಿ ಮತ್ತೆ ಮಾಡಿದೆವು. ನಾನೇ ಕರಪತ್ರ ಅಚ್ಚು ಹಾಕಿಕೊಟ್ಟಿದ್ದೇನೆ. ಎಷ್ಟು ಟಿಎಂಸಿ ಯಾರಿಗೆ ಅನ್ನುವುದು ನಮ್ಮ ಹುಡುಗರಿಗೆ ಬಾಯಿಪಾಠ. ೨೦೧೮ರಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿನ ಕುಡಿಯುವ ನೀರಿಗೆಂದು ೪.೭೫ ಟಿಎಂಸಿ ಹೆಚ್ಚಿಗೆ ಕೊಟ್ಟಾಗ ಸಿಹಿ ಹಂಚಿದೆವು. ಸರಿ, ನದಿಗೆ ಟಿಎಂಸಿ ಲೆಕ್ಕ ಕೇಳಿದವರು ಲೋಟಕ್ಕೆ ಯಾವ ಲೆಕ್ಕ ಕೇಳಿದ್ದೇವೆ? ನೀರು ಬಂದರೆ ಸಾಕೇ? ಬಂದ ನೀರು ನೀರಾಗಿಯೇ ಉಳಿದಿದೆಯೇ ಅಂತ ನೋಡುವವರು ಯಾರು?

ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ಕಾವೇರಿ ನೂರು ಕಿಲೋಮೀಟರ್ ಬರಬೇಕು. ಆಮೇಲೆ ನಗರದ ಕೊಳವೆಗಳು. ಯಾವ ಊರಿನಲ್ಲೇ ಆಗಲಿ, ನೀರಿನ ಕೊಳವೆ ಚರಂಡಿ ಪಕ್ಕದಲ್ಲೇ ಓಡುತ್ತದೆ. ನೀರು ಬಿಟ್ಟಾಗ ಒಳಗೆ ಒತ್ತಡ ಇರುತ್ತದೆ, ಕೊಳೆ ಒಳಗೆ ಬರುವುದಿಲ್ಲ. ನಿಲ್ಲಿಸಿದಾಗ ಒತ್ತಡ ಬೀಳುತ್ತದೆ. ಬಿರುಕಿದ್ದ ಕಡೆ ಕೊಳವೆ ಹೊರಗಿನ ಕೊಳೆಯನ್ನು ಹೀರಿಕೊಳ್ಳುತ್ತದೆ. ಇದಕ್ಕೇ ಕ್ಲೋರಿನ್ ಹಾಕುವುದು. ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ ೦.೨ ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುತ್ತದೆ ಮಾನದಂಡ. ಟ್ಯಾಂಕಿನ ಹತ್ತಿರ ಪರೀಕ್ಷೆ ಮಾಡಿ ಪಾಸು ಅಂದರೆ ಸಾಲದು. ಕೊನೆಯ ನಲ್ಲಿಯಲ್ಲಿ ನೋಡಬೇಕು.

ಕುದಿಸಿ ಕುಡಿದರೆ ಆಯಿತು ಅನ್ನುವವರಿದ್ದಾರೆ. ಬ್ಯಾಕ್ಟೀರಿಯಾ ಸಾಯುತ್ತದೆ, ನಿಜ. ಫ್ಲೋರೈಡ್ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಪಾವಗಡದ ಕಡೆ ಹೋಗಿ ನೋಡಿ. ಕಂದು ಹಲ್ಲಿನ ಮಕ್ಕಳು, ಬಾಗಿದ ಬೆನ್ನಿನ ಹಿರಿಯರು. ಕೊಳವೆಬಾವಿಯ ಆ ನೀರಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಕನ್ನಡಿಯ ಹಾಗಿರುತ್ತದೆ. ಲೀಟರಿಗೆ ೧.೫ ಮಿಲಿಗ್ರಾಂ ದಾಟಿದರೆ ಫ್ಲೋರೈಡ್ ನೀರು ಕುಡಿಯಲು ಯೋಗ್ಯವಲ್ಲ. ಕಣ್ಣಿಗೆ ಕಾಣದ ಈ ವಿಷವನ್ನು ಪರೀಕ್ಷೆ ಒಂದೇ ತೋರಿಸುವುದು. ಪರೀಕ್ಷೆಯೂ ಕಣ್ಣಿಗೆ ಕಾಣದ ಭಾಷೆಯಲ್ಲಿದ್ದರೆ ಇನ್ನೇನು ಗತಿ?

೨೦೨೨ರಲ್ಲಿ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ೨೦೨೩ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಸತ್ತರು. ವಾಂತಿ, ಭೇದಿ, ಆಸ್ಪತ್ರೆ, ಹೆಣ. ಆಮೇಲೆ ಮಂತ್ರಿಗಳು ಬಂದರು, ಪರಿಹಾರ ಘೋಷಣೆಯಾಯಿತು, ನೀರಿನ ಮಾದರಿ ಲ್ಯಾಬಿಗೆ ಹೋಯಿತು. ಸತ್ತ ಮೇಲೆ ಮಾಡುವುದಕ್ಕೆ ಪರೀಕ್ಷೆ ಅನ್ನುವುದಿಲ್ಲ ಸ್ವಾಮೀ, ಪೋಸ್ಟ್‌ಮಾರ್ಟಂ ಅನ್ನುತ್ತಾರೆ!

ಈಗ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ನೀರಿನ ಕ್ಯಾನ್ ತುಂಬುವ ಒಬ್ಬಾತ ಸ್ಟಿಕ್ಕರ್ ಅಚ್ಚು ಹಾಕಿಸಲು ಬಂದ. ಜಲಪಾತದ ಚಿತ್ರ, ಕೆಳಗೆ ದೊಡ್ಡದಾಗಿ ಇಂಗ್ಲಿಷಿನಲ್ಲಿ 'ಲ್ಯಾಬ್ ಟೆಸ್ಟೆಡ್'. ಯಾವ ಲ್ಯಾಬು, ಯಾವತ್ತು ಅಂತ ಕೇಳಿದೆ. 'ನಿಮಗ್ಯಾಕೆ ಸಾರ್, ಅಚ್ಚು ಹಾಕಿ' ಅಂದ. ಹಾಕಿದೆ. ದುಡ್ಡು ಎಣಿಸಿಕೊಂಡೆ. ಆ ಸ್ಟಿಕ್ಕರ್ ಅಂಟಿಸಿದ ಕ್ಯಾನು ತಿಂಗಳೊಳಗೆ ನನ್ನ ಪ್ರೆಸ್ಸಿಗೇ ಬಂತು. ನನ್ನ ಕೆಲಸಗಾರರಿಗೆ ನಾನೇ ಆ ನೀರು ಕುಡಿಸಿದೆ. ಅದು ಒಳ್ಳೆಯ ನೀರೋ ಕೆಟ್ಟದ್ದೋ ಯಾರಿಗೆ ಗೊತ್ತು? 'ಟೆಸ್ಟೆಡ್' ಅನ್ನುವ ಮಾತು ಹುಟ್ಟಿದ್ದು ನನ್ನ ಮೆಷಿನ್ನಿನಲ್ಲಿ, ಲ್ಯಾಬಿನಲ್ಲಲ್ಲ. ಅಂದಿನಿಂದ ರಿಪೋರ್ಟು ತೋರಿಸದೆ ಯಾರ ನೀರಿನ ಸ್ಟಿಕ್ಕರನ್ನೂ ನಾನು ಮುಟ್ಟಿಲ್ಲ.

ಕಾನೂನಿನ ಕಥೆ ಕೇಳಿ. ಪೊಟ್ಟಣದ ಆಹಾರಕ್ಕೆ, ಬಾಟಲಿ ನೀರಿಗೂ, ಕೇಂದ್ರ ಆಹಾರ ಪ್ರಾಧಿಕಾರ ೨೦೨೦ರಲ್ಲಿ ಲೇಬಲ್ ನಿಯಮ ಮಾಡಿತು. ವಿವರಗಳು ಇಂಗ್ಲಿಷಿನಲ್ಲಿರಬೇಕು, ಇಲ್ಲವೇ ದೇವನಾಗರಿ ಹಿಂದಿಯಲ್ಲಿರಬೇಕು. ಬೇರೆ ಭಾಷೆ ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಬಹುದಂತೆ! ಕಾವೇರಿ ತೀರದ ಹೆಂಗಸಿಗೆ ತಾನು ಕುಡಿಯುವ ನೀರಿನ ವಿವರ ತನ್ನ ಭಾಷೆಯಲ್ಲಿ ಸಿಗುವುದು ಹಕ್ಕಲ್ಲ, ಮಾರುವವನ ಮರ್ಜಿ. ಇತ್ತ ೧೯೬೩ರಿಂದ ಕನ್ನಡ ನಮ್ಮ ರಾಜ್ಯದ ಆಡಳಿತ ಭಾಷೆ. ೨೦೨೨ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವೂ ಇದೆ. ಕಾಗದದಲ್ಲಿ ಕನ್ನಡಕ್ಕೆ ಸಿಂಹಾಸನ, ಲೋಟದ ಹತ್ತಿರ ಬಂದರೆ ಜಾಗವಿಲ್ಲ.

ಇದು ಇಂಗ್ಲಿಷ್ ಬಲ್ಲವರ ಮೇಲಿನ ಜಗಳವಲ್ಲ. ಅವರಿಗೂ ಅದೇ ಕೊಳವೆ, ಅವರ ಮಕ್ಕಳಿಗೂ ಅದೇ ನೀರು. ನನ್ನ ಜಗಳ ನಿಮ್ಮ ಜೊತೆ ಹುಡುಗರೇ! ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯಲು ಏಳುವ ಕೈ ನೀರಿನ ರಿಪೋರ್ಟು ಕೇಳಲು ಯಾಕೆ ಏಳುವುದಿಲ್ಲ? ಬೋರ್ಡು ಓದದಿದ್ದರೆ ಅಂಗಡಿ ತಪ್ಪುತ್ತದೆ. ರಿಪೋರ್ಟು ಓದದಿದ್ದರೆ ಜೀವ ತಪ್ಪುತ್ತದೆ. ಮಸಿಗಿಂತ ದೊಡ್ಡ ಆಯುಧ ೨೦೦೫ರಿಂದ ನಿಮ್ಮ ಕೈಯಲ್ಲಿದೆ. ಅದು ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, ಕನ್ನಡದಲ್ಲೇ ಬರೆಯಬಹುದು. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, ೧೫೦ ಪದದೊಳಗೆ. ನಿಮ್ಮ ವಾರ್ಡಿನ ನೀರು ಕಳೆದ ಒಂದು ವರ್ಷದಲ್ಲಿ ಯಾವ ಯಾವ ದಿನ, ಯಾವ ನಲ್ಲಿಯಲ್ಲಿ ಪರೀಕ್ಷೆಯಾಯಿತು, ಫಲಿತಾಂಶವೇನು, ಪ್ರತಿ ಕೊಡಿ ಅಂತ ಕೇಳಿ. ಹಳ್ಳಿಯ ನೆಂಟರಿಗೂ ಹೇಳಿ. ೨೦೧೯ರಲ್ಲಿ ಶುರುವಾದ ಜಲಜೀವನ ಯೋಜನೆಯ ನಿಯಮದಲ್ಲಿ ಊರಿಗೆ ಐದು ಹೆಂಗಸರಿಗೆ ನೀರು ಪರೀಕ್ಷೆ ಕಲಿಸಿ ಕಿಟ್ ಕೊಡಬೇಕು ಅಂತಿದೆ. ಆ ಐವರು ಯಾರು, ಕಿಟ್ ಎಲ್ಲಿದೆ ಅಂತ ಪಂಚಾಯಿತಿಯನ್ನು ಕೇಳಲಿ.

ನಮ್ಮ ಬೇಡಿಕೆ ಮೂರೇ. ತಿಂಗಳಿಗೊಮ್ಮೆ ಪ್ರತಿ ಬೀದಿಯ ಕೊನೆಯ ನಲ್ಲಿಯಲ್ಲಿ ಪರೀಕ್ಷೆಯಾಗಲಿ. ಫಲಿತಾಂಶ ಕನ್ನಡದಲ್ಲಿ ಬೀದಿಯ ಗೋಡೆಗೆ ಬರಲಿ, ತಾರೀಖಿನ ಸಮೇತ. ಮೊದಲ ಸಾಲಿನಲ್ಲೇ 'ಕುಡಿಯಬಹುದು' ಅಥವಾ 'ಕುಡಿಯಬೇಡಿ' ಅಂತಿರಲಿ, ಅಂಕಿಗಳೆಲ್ಲ ಅದರ ಕೆಳಗೆ.

ಅಚ್ಚಿಗೆ ದುಡ್ಡಿಲ್ಲ ಅಂತ ಯಾವ ಸಾಹೇಬರಾದರೂ ಹೇಳಿದರೆ ನನ್ನ ಹತ್ತಿರ ಕಳಿಸಿ. ನಮ್ಮ ಬೀದಿಯ ಮೊದಲ ಫಲಕವನ್ನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ. ಪ್ರೂಫು ನೋಡುವವನು ಆ ಬೈಂಡಿಂಗ್ ಹುಡುಗನೇ. ಅವನಿಗೆ ಅರ್ಥವಾದರೆ ಮಾತ್ರ ಮೆಷಿನ್ನು ತಿರುಗುತ್ತದೆ.